ಸದ್ದು ತೆಗೆದಿಟ್ಟ ಫೋನು

ಆ ಫೋನು ಬಂದಿತ್ತು. ಒಂದು ಸಲವಲ್ಲ, ಮೇಲಿಂದ ಮೇಲೆ ಬಂದಿತ್ತು. ಬರಲಿಲ್ಲ ಎಂದು ರತ್ನಳ ಅಪ್ಪನ ಎದುರು ನಿಂತು ಹೇಳಿದವನು ನಾನು — ಹೇಳಿ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ.

ಕಳೆದ ತಿಂಗಳು ರತ್ನ ದಾಬಸ್‌ಪೇಟೆಯಿಂದ ಫೋನ್ ಮಾಡಿದ್ದಳು. ಕುಂದಾಣದ ಪಕ್ಕದ ನಮ್ಮೂರಿನಲ್ಲಿ ಅವಳ ತವರು ನಮ್ಮ ಎದುರುಮನೆ. ಅವಳಪ್ಪ ಮುನಿಶಾಮಪ್ಪನವರನ್ನು ನಾನು ಚಿಕ್ಕಪ್ಪ ಅಂತಲೇ ಕರೆಯುವುದು. ಅವಳು ನನ್ನನ್ನು ಸೀನಣ್ಣ ಅಂತ. ಮಗಳು ಡಿಪ್ಲೊಮಾ ಓದುತ್ತಿದ್ದಾಳಂತೆ, ನೆಟ್‌ವರ್ಕಿಂಗ್ ಕಲಿಯಲು ಮನೆಯಲ್ಲೇ ಲ್ಯಾಬ್ ಮಾಡಿಕೊಳ್ಳುತ್ತಾಳಂತೆ, ಅದಕ್ಕೊಂದು ಟೆಲಿಫೋನ್ ಸ್ವಿಚ್ ಬೇಕಂತೆ. "ಕಮ್ಮಿ ರೇಟಲ್ಲಿ ಯಾವ್ದು ತಗೊಳ್ಳೋದು, ನೀನೇ ಹೇಳ್ಬೇಕು ಸೀನಣ್ಣ. ಇದೆಲ್ಲ ಗೊತ್ತಿರೋರು ನಂಗೆ ಇನ್ಯಾರಿದಾರೆ?" ಅಂದಳು. ನೋಡಿ ಹೇಳ್ತೀನಿ ಅಂದು ಇಟ್ಟುಬಿಟ್ಟೆ. ಆಮೇಲೆ ಕೆಲಸದಲ್ಲಿ ಕೈ ಓಡಲಿಲ್ಲ.

ನಾನೂ ಒಮ್ಮೆ ಕಮ್ಮಿ ರೇಟಿನದನ್ನೇ ಹುಡುಕಿದ್ದೆ. ನಮ್ಮೂರ ಹತ್ತಿರ ವಿಮಾನ ನಿಲ್ದಾಣ ಕಟ್ಟುತ್ತಿದ್ದ ವರ್ಷಗಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು — ಬಸ್ಸಿನಲ್ಲಿ ನಿಂತುಕೊಂಡೇ ಓದಿದವನು, ಫೇಲಾಗಿ ಮತ್ತೆ ಕಟ್ಟಿ ಪಾಸಾದವನು. ಆ ಹೆಮ್ಮೆ ಇವತ್ತಿಗೂ ಇದೆ, ಇಲ್ಲವೆನ್ನುವುದಿಲ್ಲ. ಕಂಪ್ಯೂಟರಿನ ಜೊತೆ ಟೆಲಿಫೋನೂ ಗೊತ್ತಿದ್ದರೆ ನಿಲ್ದಾಣದ ಸುತ್ತ ಕೆಲಸ ಗ್ಯಾರಂಟಿ ಅಂತ ನಾನು ಸೇರಿದ್ದ ಕಂಪ್ಯೂಟರ್ ಕೋರ್ಸಿನಲ್ಲಿ ಹೇಳುತ್ತಿದ್ದರು. ಮನೆಯಲ್ಲಿ ರೇಷ್ಮೆಹುಳು ಸಾಕುವುದನ್ನು ಬಿಟ್ಟಮೇಲೆ ಖಾಲಿ ಬಿದ್ದಿದ್ದ ಕೋಣೆಯನ್ನು ಲ್ಯಾಬ್ ಮಾಡಿಕೊಂಡೆ. ಹುಳದ ತಟ್ಟೆ ಇಡುತ್ತಿದ್ದ ಸ್ಟ್ಯಾಂಡಿನ ಮೇಲೆ ಹಳೇ ಕಂಪ್ಯೂಟರುಗಳು ಬಂದು ಕೂತವು. ಇನ್ನು ಬೇಕಾಗಿದ್ದದ್ದು ಸ್ವಿಚ್ಚು — ಹೊರಗಿನಿಂದ ಬರುವ ಒಂದು ಲೈನನ್ನು ಒಳಗಿನ ಹಲವು ಫೋನುಗಳಿಗೆ ಹಂಚುವ ಡಬ್ಬಿ, ಆಫೀಸುಗಳಲ್ಲಿ ಇರುತ್ತದಲ್ಲ, ಅದು.

ಹೊಸದನ್ನು ನೋಡಿದೆ, ಗಟ್ಟಿ ಮಾಲು, ಆದರೆ ಕಲಿಯುವುದಕ್ಕೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಯಾವುದೋ ಹೋಟೆಲಿನಿಂದ ಕಳಚಿ ತಂದದ್ದೊಂದು ಸಿಕ್ಕಿತು. ದೊಡ್ಡದು, ಪ್ರೋಗ್ರಾಂ ಮಾಡಲು ಬೇಕಾದಷ್ಟು ಇತ್ತು, ಬೆಲೆ ಅರ್ಧಕ್ಕೂ ಕಮ್ಮಿ. ಅಂಗಡಿಯವನು ಏನನ್ನೂ ಮುಚ್ಚಿಡಲಿಲ್ಲ. ಒಳಗಿನ ಬ್ಯಾಟರಿ ಸತ್ತಿದೆ, ಕರೆಂಟ್ ಹೋದರೆ ನೀವು ಹೇಳಿಕೊಟ್ಟಿದ್ದೆಲ್ಲ ಮರೆತುಬಿಡುತ್ತೆ, ಕಲಿಯೋಕೆ ಪರವಾಗಿಲ್ಲ, ಮನೆ ಲೈನು ಮಾತ್ರ ಹಾಕಬೇಡಿ ಅಂದ. ಕೊಂಡು ತಂದೆ. ತಂದು ಮನೆ ಲೈನನ್ನೇ ಹಾಕಿದೆ. ನಿಜವಾದ ಲೈನಿಲ್ಲದೆ ಅದೆಂಥ ಲ್ಯಾಬು, ಅನ್ನಿಸಿತ್ತು.

ಆ ಲೈನು ನಮ್ಮದೊಂದೇ ಮನೆಯದಲ್ಲ. ಮೊಬೈಲು ಆಗಿನ್ನೂ ನಮ್ಮ ಬೀದಿಗೆ ಸರಿಯಾಗಿ ಬಂದಿರಲಿಲ್ಲ. ಯಾವ ಅರ್ಜಿ ಬರೆದರೂ, ಯಾವ ನೆಂಟರಿಗೆ ಕೊಟ್ಟರೂ ಪಿ.ಪಿ. ನಂಬರ್ ಅಂತ ನಮ್ಮ ನಂಬರನ್ನೇ ಕೊಡುತ್ತಿದ್ದರು. ಫೋನ್ ಬಂದರೆ ನಾವು ಬಾಗಿಲಲ್ಲಿ ನಿಂತು ಕೂಗುವುದು, ಅವರು ಕೈ ಒರೆಸಿಕೊಂಡು ಓಡಿಬರುವುದು. ಅವ್ವನಿಗೆ ಅದರಲ್ಲಿ ಖುಷಿ. ನನಗೆ ಡಿಗ್ರಿ ಬಂದಮೇಲೆ ಕಿರಿಕಿರಿ. ಊರೋರನ್ನೆಲ್ಲ ಕೂಗೋಕೇನಾ ನಾನು ಓದಿದ್ದು ಅಂತ ರೇಗಿದ್ದೆ. "ಓದಿದ ಬಾಯಿಗೆ ಕೂಗಕ್ಕಾಗಲ್ವೇನೋ," ಅಂತ ಅವ್ವ ನಕ್ಕಿದ್ದಳು.

ರತ್ನ ಪಿಯುಸಿ ಮುಗಿಸಿ, ನಿಲ್ದಾಣದ ಕೆಲಸಕ್ಕೆ ಜನ ಸೇರಿಸುತ್ತಿದ್ದ ಒಂದು ಏಜೆನ್ಸಿಗೆ ಅರ್ಜಿ ಕೊಟ್ಟಿದ್ದಳು. ಆಯ್ಕೆಯಾಗಿದೆ, ಯಾವತ್ತು ಬರಬೇಕೆಂದು ಫೋನ್ ಮಾಡುತ್ತೇವೆ ಅಂದಿದ್ದರಂತೆ. ಅಷ್ಟರಲ್ಲಿ ದಾಬಸ್‌ಪೇಟೆಯ ಸಂಬಂಧ ಮನೆಬಾಗಿಲಿಗೆ ಬಂದಿತ್ತು. ಕೆಲಸ ಸಿಕ್ಕರೆ ಮದುವೆ ಮುಂದಕ್ಕೆ ಹಾಕೋಣ, ಸಿಗದಿದ್ದರೆ ಒಪ್ಪಿಕೋಬೇಕು — ಇದು ಅಪ್ಪ-ಮಗಳ ನಡುವೆ ಆಗಿದ್ದ ಮಾತು. ಅವಳು ದಿನಾ ಬಂದು ಅವ್ವನನ್ನು ಕೇಳುತ್ತಿದ್ದಳು, ಫೋನ್ ಬಂತಾ ಅಂತ.

ಒಂದು ಬೆಳಿಗ್ಗೆ ಕರೆಂಟು ಹೋಯಿತು, ಬಂತು. ಡಬ್ಬಿ ಎಲ್ಲ ಮರೆತು, ಹೊರಗಿನ ಫೋನನ್ನು ಒಂದೇ ಒಂದು ಫೋನಿಗೆ ಕಳಿಸತೊಡಗಿತು. ಆ ಫೋನು ಇದ್ದದ್ದು ನನ್ನ ಲ್ಯಾಬ್ ಕೋಣೆಯಲ್ಲಿ. ಓದುವಾಗ ಕಾಟ ಬೇಡವೆಂದು ಅದರ ಗಂಟೆಯ ಸದ್ದು ತೆಗೆದಿಟ್ಟಿದ್ದೆ. ಫೋನ್ ಬಂದರೆ ಕೆಂಪು ದೀಪ ಮಿನುಗುತ್ತದೆ, ಅಷ್ಟೇ. ನಡುಮನೆಯ ಫೋನು ಸುಮ್ಮನಿತ್ತು. ಅವ್ವನಿಗೆ ಏನೂ ತಿಳಿಯಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಡಬ್ಬಿಯ ತಪ್ಪಾಗುತ್ತದೆ. ನನಗೆ ನಾನೇ ಹೇಳಿಕೊಳ್ಳುವಾಗ ಎಷ್ಟೋ ವರ್ಷ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ — ದೀಪ ಮಿನುಗುವುದನ್ನು ನಾನು ನೋಡಿದೆ. ಎದುರಿಗೇ ಕೂತಿದ್ದೆ, ಕೈಗೆ ಸಿಗುವಷ್ಟು ಹತ್ತಿರ. ಎತ್ತಿದರೆ ಇನ್ಯಾರಿಗೋ ಇರುತ್ತದೆ, ಎದ್ದು ಹೋಗಿ ಕೂಗಬೇಕು, ಅವರು ಬರುವತನಕ ಕಾಯಬೇಕು... ಬೇಕಾದವರು ಮತ್ತೆ ಮಾಡುತ್ತಾರೆ ಅಂದುಕೊಂಡೆ. ಮತ್ತೆ ಮಾಡಿದರು. ಮಾರನೆಯ ದಿನವೂ ಮಾಡಿದರು. ರತ್ನಳಿಗೆ ಬಂದ ಫೋನಿರಬಹುದೆಂದು ಹೊಳೆಯಲಿಲ್ಲವೇ ಅಂದರೆ — ಹೊಳೆದಿತ್ತು. ಹೊಳೆದೂ ಕೂತಿದ್ದೆ.

ಕಾದು ಕಾದು ಅವಳೇ ಏಜೆನ್ಸಿಗೆ ಹೋದಳು. ನಿಮ್ಮ ನಂಬರಿಗೆ ಮಾಡಿದೆವು, ಯಾರೂ ಎತ್ತಲಿಲ್ಲ, ಬೇರೆಯವರನ್ನು ತೆಗೆದುಕೊಂಡಾಯಿತು ಅಂದರಂತೆ. ಅಂದು ಸಂಜೆ ಚಿಕ್ಕಪ್ಪ ಅವಳನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದರು.

"ನೀನು ಓದಿರೋನು, ನಿಜ ಹೇಳಪ್ಪಾ. ಇವಳಿಗೆ ಫೋನ್ ಬಂದಿತ್ತಾ?"

"ಇಲ್ಲ ಚಿಕ್ಕಪ್ಪ. ಬಂದಿದ್ರೆ ಗಂಟೆ ಕೇಳಿಸ್ತಿರ್ಲಿಲ್ವಾ?"

ಅವ್ವನೂ ಹೌದೆಂದಳು. ಅವಳಿಗೆ ನಿಜವಾಗಿಯೂ ಕೇಳಿಸಿರಲಿಲ್ಲ. ಚಿಕ್ಕಪ್ಪ ಮಗಳ ಕಡೆ ತಿರುಗಿ, "ಮದುವೆ ತಪ್ಪಿಸ್ಕೊಳ್ಳಕ್ಕೆ ಕೆಲಸದ ಕತೆ ಕಟ್ಟಿದ್ಯಾ?" ಅಂದರು. ರತ್ನ ನನ್ನನ್ನು ನೋಡಿದಳು. ಅನುಮಾನದಿಂದ ಅಲ್ಲ — ಸೀನಣ್ಣ ತಿಳಿದವನು, ಏನಾದರೂ ಹೇಳಿಯಾನು ಎಂಬ ಆಸೆಯಿಂದ. ನಾನು ಒಳಗೆ ಹೋದೆ. ಹೋಗಿ ಲೈನನ್ನು ಡಬ್ಬಿಯಿಂದ ಕಿತ್ತೆ.

ಮದುವೆಯಾಯಿತು. ಗಂಡ ಒಳ್ಳೆಯವನು, ಅದರಲ್ಲಿ ನನ್ನ ಪುಣ್ಯವೇನೂ ಇಲ್ಲ. ಆ ಡಬ್ಬಿಯಲ್ಲಿ ಕಲಿತ ವಿದ್ಯೆಯಿಂದ ನನಗೆ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೆಲಸ ಸಿಕ್ಕಿತು, ಇವತ್ತಿಗೂ ಅದರಲ್ಲೇ ಅನ್ನ. ರತ್ನ ತವರಿಗೆ ಬಂದು ಏನು ಹೇಳಿದರೂ ಚಿಕ್ಕಪ್ಪ, "ಏರ್‌ಪೋರ್ಟ್ ಕತೆ ತರ ಅಲ್ಲ ತಾನೇ?" ಅನ್ನುತ್ತಾರೆ. ಜಗಲಿಯ ಮೇಲಿದ್ದವರು ನಗುತ್ತಾರೆ. ಅವಳೂ ನಗುತ್ತಾಳೆ. ಒಂದು ಸಲ ನಾನೂ ನಕ್ಕಿದ್ದೇನೆ.

ಮೊನ್ನೆ ದಾಬಸ್‌ಪೇಟೆಗೆ ಹೋಗಿ ಅವಳಿಗೆ ಎಲ್ಲ ಹೇಳಿದೆ. ದೀಪದ ವಿಷಯವನ್ನೂ ಬಿಡಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. "ನಾನು ಸುಳ್ಳು ಹೇಳಿರ್ಲಿಲ್ಲ ಅಂತ ನಂಗೆ ಗೊತ್ತಿತ್ತಲ್ಲ ಸೀನಣ್ಣ. ಅಪ್ಪನಿಗೆ ಹೇಳು," ಅಂದಳು. ಸ್ವಿಚ್ಚಿನ ಮಾತು ಎತ್ತಲಿಲ್ಲ.

ಚಿಕ್ಕಪ್ಪನಿಗೆ ಈಗ ಕಿವಿ ಮಂದ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿ ಮುಗಿಸುವ ಹಾಗಿಲ್ಲ. ಜೋರಾಗಿ ಹೇಳಬೇಕು, ಹೇಳಿದ್ದನ್ನೇ ತಿರುಗಿ ಹೇಳಬೇಕು. ಸಂಜೆ ಹೊತ್ತು ಅವರು ಜಗಲಿಯ ಮೇಲಿರುತ್ತಾರೆ, ಬೀದಿಯವರೂ ಇರುತ್ತಾರೆ. ಬರುವ ಭಾನುವಾರ ಅದೇ ಹೊತ್ತಿಗೆ ಹೋಗುತ್ತೇನೆ.