ಎರ್ಮೆಕ್ ಮತ್ತು ಬಾಯಿ ಮುಚ್ಚಿಸಿದ ಫೋನು

ಅತ್‌ಬಾಶಿಯ ಸಂತೆಮಾಳದ ಕೊನೆಯಲ್ಲಿ, ಕುದುರೆ ಜೀನು ಮಾರುವವರ ಸಾಲಿನ ಹಿಂದೆ, ತುಕ್ಕು ಹಿಡಿದ ಒಂದು ಕಬ್ಬಿಣದ ಕಂಟೇನರ್ ಇದೆ. ಹನ್ನೊಂದು ವರ್ಷ ಎರ್ಮೆಕ್ ಅದರೊಳಗೆ ಕುಳಿತು ನಮ್ಮ ಊರಿನ ಫೋನುಗಳನ್ನು ರಿಪೇರಿ ಮಾಡಿದ. ಅವನು ನನ್ನ ಶಿಷ್ಯ. ಎಂಟನೆಯ ವಯಸ್ಸಿನಲ್ಲಿ ಕುದುರೆಯಿಂದ ಬಿದ್ದು ಎಡಗಾಲು ಕುಂಟಾಯಿತು. ಕುರಿ ಹೊಡೆದುಕೊಂಡು ಬೆಟ್ಟ ಹತ್ತುವ ಕೆಲಸಕ್ಕೆ ಆಗದವನಾದ. ಐದನೆಯ ತರಗತಿಯಲ್ಲಿ ಶಾಲೆಯ ಗೋಡೆ ಗಡಿಯಾರವನ್ನು ಬಿಚ್ಚಿ ಹಾಕಿದ್ದಕ್ಕೆ ನಾನು ಅವನನ್ನು ಒಂದು ಗಂಟೆ ನಿಲ್ಲಿಸಿದ್ದೆ. ಆ ಒಂದು ಗಂಟೆಯನ್ನು ಅವನು ತಾನೇ ಮತ್ತೆ ಜೋಡಿಸಿದ ಅದೇ ಗಡಿಯಾರವನ್ನು ನೋಡುತ್ತಾ ಕಳೆದ.

ರಿಪೇರಿಯಲ್ಲಿ ಅವನಿಗೆ ಒಂದು ನಿಷ್ಠೆ ಇತ್ತು. ಫೋನು ಯಾರದೋ ಅವರನ್ನು ಕೇಳದೆ ಅದರೊಳಗಿನ ಒಂದು ಅಕ್ಷರವನ್ನೂ ಅಳಿಸುತ್ತಿರಲಿಲ್ಲ. ಗಂಡಸರು ಬಂದು, "ಹೆಂಡ್ತಿ ಫೋನಲ್ಲಿ ಏನಿದೆ ನೋಡಿ ಹೇಳೋ" ಎಂದರೆ, "ಬೈಕೆ, ಇದು ಅಂಗಡಿ, ಪೊಲೀಸ್ ಠಾಣೆ ಅಲ್ಲ" ಎಂದು ಕಳಿಸುತ್ತಿದ್ದ. ನಮ್ಮಲ್ಲಿ ಹಿರಿಯ ಗಂಡಸರನ್ನು ಬೈಕೆ, ಅಂದರೆ ಅಣ್ಣ, ಎನ್ನುತ್ತಾರೆ; ತಾಯಿಯನ್ನೂ ತಾಯಿಯಂಥವರನ್ನೂ ಅಪಾ ಎನ್ನುತ್ತಾರೆ.

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಗುರುವಾರ, ಜಿಪಾರ್ ಅಪಾ ಅವನ ಅಂಗಡಿಗೆ ಬಂದರು. ಗಂಡ ತೀರಿಕೊಂಡವರು, ಒಬ್ಬನೇ ಮಗ ಮಿರ್ಲಾನ್, ಮಾಸ್ಕೋದಲ್ಲಿ ಕಟ್ಟಡ ಕೆಲಸಕ್ಕಿದ್ದ. ಮೇ ತಿಂಗಳಲ್ಲಿ ಅವನ ಮದುವೆ. ಹುಡುಗಿಯ ಕಿವಿಗೆ ಓಲೆ ಹಾಕಿ ಬರುವ ಶಾಸ್ತ್ರ ಮುಂದಿನ ವಾರಕ್ಕೆ ನಿಶ್ಚಯವಾಗಿತ್ತು.

"ಎರ್ಮೆಕ್, ಈ ಹಾಳಾದ್ದು ಸೋಮವಾರದಿಂದ ಸತ್ತುಬಿದ್ದಿದೆ" ಎಂದು ಫೋನನ್ನು ಮೇಜಿನ ಮೇಲಿಟ್ಟರು. "ಚಾರ್ಜ್ ಆಗಲ್ಲ. ನನ್ನ ಮೈದುನ ಕಸೀಮ್, 'ನೀವು ಎಲ್ಲಿಗೂ ತಗೊಂಡ್ಹೋಗ್ಬೇಡಿ ಅತ್ತಿಗೆ, ನಾನೇ ನರಿನ್ ಪಟ್ಟಣಕ್ಕೆ ಒಯ್ದು ತೋರಿಸ್ತೀನಿ' ಅಂತಾನೆ. ಅವನು ನರಿನ್‌ಗೆ ಹೋಗೋದು ಯಾವಾಗ, ನನ್ನ ಮಗನ ಫೋಟೋ ಬೀಗರ ಮನೆಗೆ ಹೋಗೋದು ಯಾವಾಗ? ಹುಡುಗಿ ಅಜ್ಜಿಗೆ ಕಣ್ಣು ಮಂಜು. ಇಷ್ಟಗಲದ ಫೋಟೋ ಬೇಕಂತೆ. ಕಂಪ್ಯೂಟರಿಗೆ ಹಾಕಿ ತೆಗೆದುಕೊಡು."

ಎರ್ಮೆಕ್ ಕೇಬಲ್ಲು ಸಿಕ್ಕಿಸಿದ. ಕಂಪ್ಯೂಟರು ಉಸಿರೆತ್ತಲಿಲ್ಲ. ಬೇರೆ ಕೇಬಲ್ಲು ತಂದ, ಹಿಂದಿನ ಕಿಂಡಿಗೆ ಹಾಕಿದ, ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದ. ಏನೂ ಇಲ್ಲ. ತನ್ನ ಫೋನನ್ನು ಅದೇ ಕೇಬಲ್ಲಿಗೆ ಹಾಕಿದರೆ ತಕ್ಷಣ ಕಾಣಿಸಿಕೊಂಡಿತು. ಹಾಗಾದರೆ ದೋಷ ಅಪಾ ಅವರ ಫೋನಿನದೇ. ಕಣ್ಣಿಗೆ ಭೂತಗನ್ನಡಿ ಇಟ್ಟು ಚಾರ್ಜಿನ ಕಿಂಡಿಯೊಳಗೆ ನೋಡಿದ. ಬೂದು ಬಣ್ಣದ ಉಣ್ಣೆ. ಜೇಬಿನ ನಾರಲ್ಲ, ಹೊಸೆದು, ದಬ್ಬಳದಿಂದ ಒತ್ತಿ ತುರುಕಿದ್ದು.

"ಅಪಾ, ನಿಮ್ಮ ಫೋನಿಗೆ ಚಳಿ ಆಗಿತ್ತೇನೋ, ಯಾರೋ ಉಣ್ಣೆ ಹೊದಿಸಿದಾರೆ!" ಎಂದ.

ಅವರು ನಕ್ಕರು. "ಕಸೀಮನ ಮೊಮ್ಮಗಳ ಕೆಲಸ ಇರಬೇಕು. ಹೋದ ವಾರ ನನ್ನ ಕನ್ನಡಕಕ್ಕೆ ಬೆಣ್ಣೆ ಹಚ್ಚಿದ್ಲು, ಮುಂಡೇದು."

ಸೂಜಿಯಿಂದ ಎಳೆ ಎಳೆಯಾಗಿ ಉಣ್ಣೆ ತೆಗೆದು ಕೇಬಲ್ಲು ಹಾಕಿದ. ಸ್ವಲ್ಪ ಹೊತ್ತಿಗೆ ಫೋನು ಬೆಳಗಿತು. ಆದರೂ ಕಂಪ್ಯೂಟರಿನಲ್ಲಿ ಫೋಟೋಗಳು ಕಾಣಲಿಲ್ಲ. ಬರೀ ಚಾರ್ಜ್ ಆಗುತ್ತಿತ್ತು. ಅಪಾ ಬೀಗದ ಅಂಕಿ ಹೇಳಿದರು. ಅವನು ಫೋನು ತೆರೆದು, ಫೈಲು ಕಳಿಸಲು ಅಪ್ಪಣೆ ಕೊಡುವ ಗುಂಡಿಯನ್ನು ಒತ್ತಿದ. ಫೋಟೋಗಳು ಸಾಲುಗಟ್ಟಿ ಬಂದವು.

ಬಂದದ್ದು ಅವು ಮಾತ್ರವಲ್ಲ. ಹಿಂದೊಮ್ಮೆ ಬಂದಾಗಲೇ ಆ ಫೋನು ಅಂಗಡಿಯ ವೈಫೈಯನ್ನು ನೆನಪಿಟ್ಟುಕೊಂಡಿತ್ತು. ಮೂರು ದಿನ ತಡೆದಿದ್ದ ಸಂದೇಶಗಳು ಒಂದರ ಮೇಲೊಂದು ಬಿದ್ದವು. ಮೊದಲನೆಯದು ಮಿರ್ಲಾನನ ಧ್ವನಿ ಸಂದೇಶ, ಮಂಗಳವಾರ ಬೆಳಗಿನ ಜಾವದ್ದು. ಅದರ ಮೇಲೆ, ಅವನ ಜೊತೆ ಕೆಲಸ ಮಾಡುವ ಯಾರೋ ಬುಧವಾರ ಬರೆದದ್ದು: "ಅಮ್ಮಾ, ನಿಮ್ಮ ಮಗ ನಮಗೆ ಅಣ್ಣನಂತಿದ್ದ. ಅವನಿಗೆ ಸ್ವರ್ಗ ಸಿಗಲಿ."

ಎರ್ಮೆಕ್ ಫೋನನ್ನು ಬೋರಲು ಹಾಕಿದ.

ನಮ್ಮಲ್ಲಿ ಸಾವಿನ ಸುದ್ದಿಯನ್ನು ಸಿಕ್ಕವರು ಸಿಕ್ಕಲ್ಲಿ ಹೇಳುವಂತಿಲ್ಲ. ನೆಂಟರು ಸೇರಬೇಕು, ಹಿಡಿದುಕೊಳ್ಳಲು ಎಡಕ್ಕೂ ಬಲಕ್ಕೂ ಹೆಂಗಸರಿರಬೇಕು, ಹಿರಿಯನೊಬ್ಬ ಮನೆಯೊಳಗೆ ಕೂತು ಹೇಳಬೇಕು. ಅಲ್ಲಿಯವರೆಗೆ ಆ ಮನೆಯವರಿಗೆ ಏನೂ ತಿಳಿಯಕೂಡದು. ಎರ್ಮೆಕ್ ಬಿಸಿನೀರು ತರುವ ನೆಪದಲ್ಲಿ ಹೊರಗೆ ಹೋಗಿ ಕಸೀಮನಿಗೆ ಫೋನು ಮಾಡಿದ.

"ಸೋಮವಾರ ಸಂಜೆ ಬಿದ್ದ ಕಣೋ, ಆರನೇ ಮಹಡಿಯಿಂದ" ಎಂದ ಕಸೀಮ್. "ರಾತ್ರಿ ಉಳಿಯಲ್ಲ ಅಂದ್ರು ಡಾಕ್ಟರು. ಅತ್ತಿಗೆ ಫೋನಲ್ಲಿ ಚಾರ್ಜ್ ಮುಗಿಯೋದ್ರಲ್ಲಿತ್ತು, ಯಾರಾದರೂ ಅವರಿಗೇ ಫೋನ್ ಮಾಡಿಬಿಟ್ರೆ ಅಂತ ಉಣ್ಣೆ ತುರುಕಿದೆ. ನಾಳೆ ದೇಹ ಬರುತ್ತೆ, ನಾಳೆನೇ ಹೇಳೋದು ಅಂತಿತ್ತು. ನೀನ್ಯಾಕೋ ಅದನ್ನ ಬಿಚ್ಚಿದೆ?"

"ಬಿಚ್ಚೋದೇ ನನ್ನ ಕೆಲಸ, ಬೈಕೆ."

"ಕೂರಿಸ್ಕೊಂಡಿರು. ಬರ್ತೀವಿ."

ಅವನು ಚಹಾ ತಂದುಕೊಟ್ಟ. ಫೋಟೋ ಬರಲು ಹೊತ್ತಾಗುತ್ತದೆ ಎಂದು ಸುಳ್ಳು ಹೇಳಿದ. ಅಪಾ ರೊಟ್ಟಿ ಅದ್ದಿಕೊಂಡು ತಿನ್ನುತ್ತಾ ಮಾತಾಡಿದರು. ಹುಡುಗಿ ಸ್ವಲ್ಪ ಕುಳ್ಳಿ, ಆದರೆ ಹಾಲು ಕರೆಯುವ ಕೈ ಚೆನ್ನಾಗಿದೆ. ಮಿರ್ಲಾನನಿಗೆ ಮುಂದಿನ ಹಲ್ಲು ಉಬ್ಬು, ಮಕ್ಕಳಿಗೆ ಅದು ಬರದಿದ್ದರೆ ಸಾಕು. ಎರಡನೆಯ ಬಟ್ಟಲು ಮುಗಿದಾಗ, "ಇನ್ನೂ ಆಗಲಿಲ್ವೇನೋ? ಒಂದನ್ನಾದರೂ ಅಚ್ಚು ತೆಗಿ" ಎಂದರು. ಅವನು ತೆಗೆದ. ತಲೆಗೆ ಕಿತ್ತಳೆ ಟೋಪಿ ಹಾಕಿಕೊಂಡು ಮಿರ್ಲಾನ್ ನಗುತ್ತಿದ್ದ. ಅಪಾ ಆ ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು, "ನೋಡು, ಕಳ್ಳ ನಕ್ಕಂಗೆ ನಗ್ತಾನೆ" ಎಂದರು.

ಆ ಹೊತ್ತಿಗೆ ನಾವು ಮೂವರು ಬಂದೆವು. ಕಸೀಮ್, ಮುಲ್ಲಾ, ನಾನು. ಕಂಟೇನರಿನ ಬಾಗಿಲಲ್ಲಿ ನಮ್ಮನ್ನು ಕಂಡು ಅವರ ಮುಖ ಒಂದು ಕ್ಷಣ ಅರಳಿತು.

"ಅಯ್ಯೋ, ಒಂದು ಫೋಟೋ ನೋಡೋಕೆ ಇಷ್ಟು ಜನಾನಾ?" ಎಂದವರು ಸಾವಿನ ಮನೆಗೆ ಬಂದವರಂತೆ ನಾವು ಕೈಯಲ್ಲಿ ಹಿಡಿದಿದ್ದ ಟೋಪಿಗಳನ್ನು ನೋಡಿದರು. ತೊಡೆಯ ಮೇಲಿನ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅತ್ತಿಗೆ, ಮನೆಗೆ ಹೋಗೋಣ" ಎಂದ ಕಸೀಮ್.

"ಇಲ್ಲೇ ಹೇಳು."

ಕಸೀಮ್ ನನ್ನ ಕಡೆ ತಿರುಗಿದ. ನಾನು ಹೇಳಿದೆ. ಮೂವತ್ತೆಂಟು ವರ್ಷ ಮಕ್ಕಳಿಗೆ ವಾಕ್ಯ ಕಟ್ಟುವುದನ್ನು ಕಲಿಸಿದವನು, ಆ ಎರಡು ಮಾತಿನ ವಾಕ್ಯವನ್ನು ಮುಗಿಸಲು ಎರಡು ಸಲ ನಿಂತೆ. ಅಪಾ ಅಳಲಿಲ್ಲ. ಫೋಟೋದ ಮೂಲೆಯನ್ನು ಮಡಿಸುತ್ತಾ, ಬಿಚ್ಚುತ್ತಾ ಕುಳಿತರು.

ಎರ್ಮೆಕ್ ನಮ್ಮನ್ನು ಬಾಗಿಲಾಚೆ ಕರೆದು ಫೋನು ತೋರಿಸಿದ. "ಮಂಗಳವಾರ ಜಾವ ನಾಲ್ಕಕ್ಕೆ ಅವನಿಗೆ ಎಚ್ಚರ ಆಗಿದೆ. ಇದು ಅವನ ದನಿ. ನಾನು ಕೇಳಿಲ್ಲ."

ಕಸೀಮ್ ಕಂಟೇನರಿನ ತಗಡನ್ನು ಹಿಡಿದುಕೊಂಡ. ಅವನಿಗೆ ಅದು ಗೊತ್ತಿರಲಿಲ್ಲ. ಎಚ್ಚರವಿದ್ದ ಆ ಒಂದಿಷ್ಟು ಹೊತ್ತಿನಲ್ಲಿ ಹುಡುಗ ತಾಯಿಯನ್ನು ಕರೆದಿದ್ದ. ಇತ್ತ ತಾಯಿಯ ಫೋನಿನ ಬಾಯಿಗೆ ಉಣ್ಣೆ ತುರುಕಲಾಗಿತ್ತು.

"ಅಳಿಸಿಬಿಡು" ಎಂದ ಕಸೀಮ್. "ನಿನ್ನ ಕಾಲಿಗೆ ಬೀಳ್ತೀನಿ, ಎರ್ಮೆಕ್. ಇದನ್ನ ಕೇಳಿದ್ರೆ ಅತ್ತಿಗೆ ಬದುಕಲ್ಲ."

"ಫೋನು ಅವರದು, ಬೈಕೆ."

ಅವನು ಕುಂಟುತ್ತಾ ಒಳಗೆ ಹೋದ. ಅಪಾ ಅವರ ಮುಂದೆ ನೆಲದ ಮೇಲೆ ಕುಳಿತ. "ಅಪಾ, ಇದರಲ್ಲಿ ಮಿರ್ಲಾನನ ಮಾತಿದೆ. ಮಂಗಳವಾರದ್ದು. ಕೇಳ್ತೀರೋ ಬೇಡವೋ, ನೀವೇ ಹೇಳಿ."

ಅವರು ಕೈ ಚಾಚಿದರು.

"ಅಪಾ, ಫೋನ್ ಎತ್ತು" ಎಂದಿತು ದನಿ, ಬಹಳ ಮೆಲ್ಲಗೆ. "ನಂಗೇನೂ ಆಗಿಲ್ಲ. ಸ್ವಲ್ಪ ಬಿದ್ದೆ ಅಷ್ಟೆ. ನಿದ್ದೆ ಬರ್ತಿದೆ. ಎತ್ತು ಅಪಾ, ಮಾತಾಡು." ಆಮೇಲೆ ಉಸಿರಿನ ಸದ್ದು ಮಾತ್ರ ಇತ್ತು.

ಮೂರು ಸಲ ಕೇಳಿದರು. ಬಳಿಕ ಎದ್ದು ಬಾಗಿಲಿಗೆ ಬಂದು ಕಸೀಮನ ಮುಖವನ್ನೇ ನೋಡಿದರು. ಉಣ್ಣೆ ತುರುಕಿದ್ದು ಯಾರೆಂದು ಅವರಿಗೆ ಹೊಳೆದಿತ್ತು. ಅಂದಿನಿಂದ ಇಂದಿನವರೆಗೆ ಅವನೊಡನೆ ಒಂದು ಮಾತೂ ಆಡಿಲ್ಲ. ಎರಡು ಮನೆಗೂ ಅಂಗಳ ಒಂದೇ.

ಊರು ಎರ್ಮೆಕನ ಮೇಲೆ ತಿರುಗಿಬಿತ್ತು. ಹಿರಿಯರ ಮಾತು ಮೀರಿದವನು, ಹೆತ್ತ ಕರುಳಿಗೆ ಚೂರಿ ಹಾಕಿದವನು ಎಂದರು. ಫೋನುಗಳು ನರಿನ್‌ಗೆ ಹೋಗತೊಡಗಿದವು. ಮರುವರ್ಷ ಅವನು ಕಂಟೇನರಿಗೆ ಬೀಗ ಹಾಕಿದ. ಈಗ ದೂರದ ತೋಕ್ಮೋಕ್ ಪಟ್ಟಣದಲ್ಲಿ ಯಾರದೋ ಅಂಗಡಿಯಲ್ಲಿ ಬೆಸುಗೆ ಹಾಕುತ್ತಾನೆ.

ನನಗೆ ಹಬ್ಬಕ್ಕೊಮ್ಮೆ ಫೋನು ಮಾಡುತ್ತಾನೆ. ಕಾಲು, ಚಳಿ, ಮಕ್ಕಳ ಓದು ಎಲ್ಲ ಮಾತಾಡುತ್ತೇವೆ. ಆ ಗುರುವಾರದ ಮಾತು ಅವನು ಎತ್ತುವುದಿಲ್ಲ. ಎತ್ತದಿರುವುದು ಅವನ ದೊಡ್ಡತನ. ಏಕೆಂದರೆ ಅಂದು ಬಾಗಿಲಾಚೆ ಕಸೀಮ್ "ಅಳಿಸಿಬಿಡು" ಎಂದಾಗ, ಅವನ ಹಿಂದೆಯೇ "ಹೌದಪ್ಪಾ, ಅಳಿಸು" ಎಂದವನು ನಾನು.