ಫಾರ್ಗೋ ಗಾಡಿಯ ಕಡೆಗೀಲು

ಮಕ್ತಲ್‌ನಿಂದ ರಾಯಚೂರಿಗೆ ಹೋಗುವ ರಸ್ತೆಯಲ್ಲಿ ನಿಂತು ಮೊಗುಲಪ್ಪನ ಶೆಡ್ಡು ಎಲ್ಲಿ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಬಡಿಗೇರ ಮೇಸ್ತ್ರಿ ಎಂದರೆ ಸಾಕು, ಪಂಕ್ಚರ್ ಅಂಗಡಿಯವನು ತಲೆ ಎತ್ತದೆಯೇ ಕೈ ತೋರಿಸುತ್ತಾನೆ. ಬಡಿಗೇರ ಎಂಬುದು ಮನೆತನದ ಹೆಸರು ಮಾತ್ರ. ಮರ ಮುಟ್ಟಿ ಮೂವತ್ತೆಂಟು ವರ್ಷವಾಯಿತು. ಈಗ ಅವನ ಕೈಗೆ ಬರುವುದೆಲ್ಲ ತಗಡು.

ತಗಡಿನ ಕೆಲಸವೆಂದರೆ ಊರವರು ಗುದ್ದಿಕೊಂಡು ಬರುವುದು, ಇವನು ಒಳಗಿನಿಂದ ಬಡಿದು ಎಬ್ಬಿಸುವುದು. ಆಟೋ, ಜೀಪು, ಟ್ರ್ಯಾಕ್ಟರಿನ ಬಾನೆಟ್ಟು, ಮದುವೆ ದಿಬ್ಬಣದ ಬಸ್ಸು. ಸರಿಮಾಡಿ ಕಳಿಸಿದ ಗಾಡಿ ಆರು ತಿಂಗಳಿಗೆ ಅದೇ ಮೂಲೆ ಜಜ್ಜಿಕೊಂಡು ಮತ್ತೆ ಬಾಗಿಲಿಗೆ ಬರುತ್ತದೆ. ಬೆಸುಗೆಯ ಬೆಳಕಿಗೆ ಅವನ ಕಣ್ಣು ಸದಾ ಕೆಂಪು. ಬಲ ಭುಜ ಎತ್ತಿದರೆ ಕಟಕ್ ಎನ್ನುತ್ತದೆ. ಇಷ್ಟು ವರ್ಷದಲ್ಲಿ ‘ಇದು ನಾನು ಮಾಡಿದ ಗಾಡಿ’ ಎಂದು ತೋರಿಸಲು ಅವನಿಗೆ ಒಂದೂ ಇರಲಿಲ್ಲ. ಯಾರಿಗೂ ಹೇಳದಿದ್ದರೂ ಅವನ ದೊಡ್ಡ ಸಂಕಟ ಅದೇ ಆಗಿತ್ತು.

ಯಾಕೆಂದರೆ ಅವನ ಅಪ್ಪ ಉರುಕುಂದಪ್ಪ ಬಂಡಿ ಮಾಡುವವನಾಗಿದ್ದ. ಕೊತ್ತಪಲ್ಲಿಯ ಸುತ್ತ ಹತ್ತು ಹಳ್ಳಿಗೆ ಅವನದೇ ಬಂಡಿ. ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಬಂಡಿ ಮಾಡಿದವನ ಅಂಗಳ ಬಿಡುವಾಗ ಅದರ ಎರಡು ಗಾಲಿಗೆ ಎರಡು ಬಗೆಯ ಕೀಲು. ಒಂದು ಗಾಲಿಗೆ, ಅದು ಅಚ್ಚಿನಿಂದ ಕಳಚದಂತೆ ತಡೆಯುವ ಕಬ್ಬಿಣದ ಕಡೆಗೀಲು, ಇನ್ನೊಂದಕ್ಕೆ ಬರೀ ಬೇವಿನ ಗೂಟ. ಬಂಡಿ ಒಂದು ಚೀಲ ಜೋಳವನ್ನಾದರೂ ಹೊತ್ತು, ಬಡಿಗೇರನನ್ನು ಮುಂದೆ ಕೂರಿಸಿಕೊಂಡು ಒಡೆಯನ ಮನೆ ತನಕ ಹೋಗಬೇಕು. ಅಲ್ಲಿ ಬಾಗಿಲೆದುರು ಉರುಕುಂದಪ್ಪ ಗೂಟ ಕಿತ್ತು ಕಬ್ಬಿಣದ ಕೀಲು ಹೊಡೆಯುತ್ತಿದ್ದ. ಆಮೇಲೆ ಅವನಿಗೆ ಹೊಸ ಟವೆಲು, ಹೋಳಿಗೆ ಊಟ. ಕೀಲು ಹೊಡೆಯುವ ತನಕ ಬಂಡಿ ಮಾಡಿದವನದು, ಹೊಡೆದ ಮೇಲೆ ಒಡೆಯನದು.

ಉರುಕುಂದಪ್ಪನ ಕೊನೆಯ ಬಂಡಿಗೆ ಒಡೆಯನೇ ಬರಲಿಲ್ಲ. ಮಾಡಲು ಹೇಳಿದ ರೈತ ನಡುವೆ ಟ್ರ್ಯಾಕ್ಟರು ತಂದುಬಿಟ್ಟ. ಬಂಡಿ ಅಂಗಳದಲ್ಲೇ ನಿಂತು ಗೆದ್ದಲು ಹಿಡಿಯಿತು. ಅದರ ಕಡೆಗೀಲು ಮಾತ್ರ ಗೋಡೆಯ ಮೊಳೆಗೆ ನೇತುಬಿದ್ದು ಉಳಿಯಿತು. ಸಾಯುವ ಮುಂಚೆ ಉರುಕುಂದಪ್ಪ ಮಗನಿಗೆ ಹೇಳಿದ್ದು ಒಂದೇ ಮಾತು: “ಅದನ್ನ ಗುಜರಿಗೆ ಹಾಕಬ್ಯಾಡೋ. ಒಂದು ಬಂಡಿಗೆ ಹೊಡಿ.”

ಮೊಗುಲಪ್ಪ ಯಾವ ಬಂಡಿಗೆ ಹೊಡೆದಾನು? ಕೀಲು ಮನೆಯಿಂದ ಮನೆಗೆ, ಗೋಡೆಯಿಂದ ಗೋಡೆಗೆ ಬದಲಾಯಿತು ಅಷ್ಟೆ. ಪ್ರತಿ ಉಗಾದಿಗೆ ಸುಣ್ಣ ಹೊಡೆಯುವಾಗ ಹೆಂಡತಿ ನರಸಿಂಹಮ್ಮ ಅದನ್ನು ಇಳಿಸಿ, ಒರೆಸಿ, ಮತ್ತೆ ತೂಗುಹಾಕುತ್ತಿದ್ದಳು.

ಹೀಗಿರುವಾಗ ಗದ್ವಾಲದಿಂದ ಬಸವಪ್ರಸಾದ ಬಂದ. ಹತ್ತಿಬೀಜದ ವ್ಯಾಪಾರಿ, ಮೂಲ ರಾಯಚೂರಿನ ಕಡೆಯ ಮನೆತನ, ಹಣೆಯಲ್ಲಿ ವಿಭೂತಿ, ಮಾತು ಮೆತ್ತಗೆ. ಕೆ.ಟಿ. ದೊಡ್ಡಿಯ ಅವನ ಹೊಲದಲ್ಲಿ ಅಜ್ಜನ ಕಾಲದ ಫಾರ್ಗೋ ಪಿಕಪ್ ಒಂದು ಬಿದ್ದಿತ್ತು. ಅಜ್ಜ ಅದರಲ್ಲಿ ರಾಯಚೂರಿನ ಮಂಡಿಗೆ ಶೇಂಗಾ ಸಾಗಿಸುತ್ತಿದ್ದನಂತೆ. ಮೊಗುಲಪ್ಪ ಹೋಗಿ ನೋಡಿದರೆ ಕ್ಯಾಬಿನ್ನಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಹಿಂದಿನ ತೊಟ್ಟಿಯ ತಳ ಸೀಳಿಕೊಂಡು ಬೇವಿನ ಗಿಡ ಮೇಲೆದ್ದಿತ್ತು. ಎಂಜಿನ್ನನ್ನು ಯಾರೋ ಎಂದೋ ಗುಜರಿಗೆ ಹಾಕಿದ್ದರು.

“ಹೊರಗಿಂದು ಹಿಂಗ ಇರಬೇಕು ಮೇಸ್ತ್ರಿ, ಒಳಗಿಂದು ಎಲ್ಲಾ ಹೊಸಾದು. ಅಜ್ಜನ ಗಾಡಿ ಮತ್ತ ರೋಡಿಗೆ ಬರಬೇಕರಿ. ಆಗತೈತೇನು?” ಎಂದ ಬಸವಪ್ರಸಾದ.

“ಓಡಸ್ತೀರೇನ್ರಿ ಸಾವ್ಕಾರ್ರ?”

“ಓಡಸಾಕ ಅಲ್ಲೇನ್ರಿ ಮತ್ತ ಮಾಡ್ಸೋದು?”

ಆ ಒಂದು ಮಾತಿಗೆ ಮೊಗುಲಪ್ಪ ಬಿದ್ದ. ಅರವತ್ತರ ಹತ್ತಿರ ಬಂದವನು ಆಗದು ಎಂದು ಹೇಳಿ ಬಸ್ಸು ಹತ್ತಬೇಕಿತ್ತು. ಆದರೆ ಮನಸ್ಸು ಆಗಲೇ ಮನೆಗೆ ಓಡಿ ಗೋಡೆಯ ಮೊಳೆಯ ಮೇಲೆ ಕೈಯಿಟ್ಟಿತ್ತು.

ಮರ ಬಿದ್ದು ಕ್ಯಾಬಿನ್ ಅಪ್ಪಚ್ಚಿಯಾದ ಈ ಕಾಲದ ಪಿಕಪ್ ಒಂದನ್ನು ಬಸವಪ್ರಸಾದ ಹರಾಜಿನಲ್ಲಿ ಹಿಡಿದು ತಂದ. ಅದರ ಚಾಸಿ, ಎಂಜಿನ್, ಗೇರು, ಬ್ರೇಕು ಎಲ್ಲ ಗಟ್ಟಿ. ಅದರ ಮೇಲೆ ಫಾರ್ಗೋದ ಮೈ ಕೂರಿಸುವುದು ಕೆಲಸ. ಕೇಳಲು ಟೋಪಿ ಬದಲಿಸಿದಷ್ಟು ಸುಲಭ. ಮಾಡಲು ಕೂತರೆ ಹೊಸ ಚಾಸಿ ಒಂದು ಗೇಣು ಉದ್ದ, ಹಳೆಯ ಕ್ಯಾಬಿನ್ ನಾಲ್ಕು ಬೆರಳು ಸಪೂರ. ಚಾಸಿ ಕತ್ತರಿಸಿ ಬೆಸೆದುಬಿಡು ಎಂದು ಬಂದವರೆಲ್ಲ ಬುದ್ಧಿ ಹೇಳಿದರು. ಬುದ್ಧಿ ಹೇಳುವವರಿಗೇನು, ನಾಳೆ ಭಾರ ಹೊತ್ತಾಗ ಗಾಡಿ ನಡು ಮುರಿದರೆ ಅವರು ಅಲ್ಲಿರುವುದಿಲ್ಲ. ಮೊಗುಲಪ್ಪ ಚಾಸಿ ಮುಟ್ಟಲಿಲ್ಲ. ಮೈಯನ್ನೇ ಬಿಚ್ಚಿ, ಗಾಲಿಯ ಮೇಲಿನ ಕಮಾನುಗಳನ್ನು ಒಂದು ಗೇಣು ಹಿಂದಕ್ಕೆ ಸರಿಸಿ, ನಡುವೆ ಹೊಸ ತಗಡು ಕೂಡಿಸಿದ. ಜೋಡಿಸಿದ ಗೆರೆ ಬೆರಳಿಗೂ ಸಿಗದ ಹಾಗೆ ಉಜ್ಜಲು ಎರಡು ಬೇಸಿಗೆ ಹೋಯಿತು.

ಹೊಸ ಎಂಜಿನ್ನಿಗೆ ಒಂದು ತಲೆಯೂ ಇತ್ತು. ಅಂಗೈಯಗಲದ ಕಂಪ್ಯೂಟರ್ ಡಬ್ಬಿ. ಅದರ ತಂತಿಗಳನ್ನು ಬಿಡಿಸಲು ನಾರಾಯಣಪೇಟೆಯ ಶೋರೂಮಿನಲ್ಲಿ ಕೆಲಸ ಮಾಡುವ ಝಾನ್ಸಿ ಎಂಬ ಎಲೆಕ್ಟ್ರಿಷಿಯನ್ ಭಾನುವಾರಗಳಂದು ಬರುತ್ತಿದ್ದಳು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದಳು. “ಮಾಮಾ, ಬಾಗಲಾ ಎಲ್ಲೈತಿ, ಎಸಿ ಎಲ್ಲೈತಿ ಅಂತ ಹುಡಕಾಕತೈತಿ ಇದು. ಕಳದೋದ ಮೈ ಹುಡಕಾಕತೈತಿ ಪಾಪ.”

“ಹೊಸಾ ಮೈ ಕೊಟ್ಟೀನಿ ಅಂತ ಹೇಳವ್ವ ಅದಕ್ಕ,” ಎನ್ನುತ್ತಿದ್ದ ಮೊಗುಲಪ್ಪ, ಕಣ್ಣು ಉಜ್ಜಿಕೊಳ್ಳುತ್ತ.

ಸಂಜೆ ಮನೆಗೆ ಬಂದರೆ ನರಸಿಂಹಮ್ಮ ಆಲೂಗಡ್ಡೆ ಬಿಲ್ಲೆ ಕತ್ತರಿಸಿ ಅವನ ಕಣ್ಣಿನ ಮೇಲಿಡುತ್ತಿದ್ದಳು. “ಮನ್ಯಾಗ ಪಲ್ಯಾಕ್ಕ ಆಲೂಗಡ್ಡಿ ಇಲ್ಲ, ನಿಮ್ಮ ಕಣ್ಣಿಗೆ ಐತಿ. ಸಾಕು ಮಾಡ್ರೀ. ಯಾರ ಅಜ್ಜನ ಗಾಡಿಗೋ ನೀವ್ಯಾಕ ಸಾಯ್ತೀರಿ?”

“ಇದೊಂದು. ಇದರ ಮ್ಯಾಲ ಮುಟ್ಟಂಗಿಲ್ಲ,” ಎನ್ನುತ್ತಿದ್ದ.

ಮೂರನೆಯ ವರ್ಷದ ಮಾಘಕ್ಕೆ ಗಾಡಿ ಮುಗಿಯಿತು. ಎಲೆಹಸಿರು ಬಣ್ಣ, ದುಂಡು ಮೂತಿ, ಎರಡು ಬೆರಗುಗಣ್ಣಿನ ದೀಪ. ಕೀಲಿಕೈ ತಿರುಗಿಸಿದರೆ ಒಂದೇ ಸಲಕ್ಕೆ ಚಾಲೂ. ಶೆಡ್ಡಿನ ಅಂಗಳದಲ್ಲೇ ಮುಂದೆ ಹಿಂದೆ ಓಡಿಸಿ ನೋಡಿದ. ಹಿಂದಿನ ಹಲಗೆಯನ್ನು ತೊಟ್ಟಿಗೆ ಹಿಡಿದಿಡಲು ಎರಡು ಕೀಲು ಬೇಕಿತ್ತು. ಎಡಕ್ಕೆ ಹೊಸ ಕೀಲು ಹಾಕಿದ. ಬಲಕ್ಕೆ ಬೇವಿನ ಗೂಟ. ಅಪ್ಪನ ಕಡೆಗೀಲನ್ನು ಆ ತೂತಿಗೆ ಸರಿಹೊಂದುವಂತೆ ಅರದಿಂದ ಉಜ್ಜಿ, ಎಣ್ಣೆ ಸವರಿ, ಜೇಬಿಗಿಟ್ಟುಕೊಂಡ. ಎರಡು ಚೀಲ ಶೇಂಗಾ ಹೇರಿ ಜುರಾಲ ಅಣೆಕಟ್ಟಿನ ಮೇಲಿಂದ ಗದ್ವಾಲಕ್ಕೆ ತಾನೇ ಓಡಿಸಿಕೊಂಡು ಹೋಗುವುದು, ಸಾವ್ಕಾರನ ಬಾಗಿಲಲ್ಲಿ ಕೀಲು ಹೊಡೆಯುವುದು. ನರಸಿಂಹಮ್ಮನಿಗೆ ಬಗಲಲ್ಲಿ ಕೂರಲು ಹೇಳಿದ್ದ. ಅವಳು ಬೈಯುತ್ತಲೇ ನಾರಾಯಣಪೇಟೆ ಸೀರೆ ತೆಗೆದಿಟ್ಟಿದ್ದಳು.

ಬಂದದ್ದು ಒಂದು ಉದ್ದ ಲಾರಿ. ಗಾಡಿಯನ್ನೇ ಹೊತ್ತೊಯ್ಯುವ ಲಾರಿ.

ಬಸವಪ್ರಸಾದ ಫೋನಿನಲ್ಲಿ ಮೆತ್ತಗೆ ಹೇಳಿದ: “ಕಾಗದ ಆಗಲಿಲ್ರಿ ಮೇಸ್ತ್ರಿ. ಹಳೇ ಆರ್.ಸಿ. ಪುಸ್ತಕಕ್ಕ ಈ ಎಂಜಿನ್ ನಂಬರ್ ಕೂಡಂಗಿಲ್ಲಂತ, ಚಾಸಿ ನಂಬರ್ ಕೂಡಂಗಿಲ್ಲಂತ. ರೋಡಿಗೆ ಇಳಿಸಿದ್ರ ಹಿಡೀತಾರ. ಏನ್ ಮಾಡಾಕ ಬರತೈತಿ? ಕಾನೂನು. ನಿಮ್ಮ ಲೆಕ್ಕ ಪೂರಾ ಮುಟ್ಟೈತಲ್ರೀ?”

ಮುಟ್ಟಿತ್ತು. ಅದರಲ್ಲಿ ಒಂದು ಕಾಸೂ ಬಾಕಿ ಇರಲಿಲ್ಲ. ಜಗಳಕ್ಕಾದರೂ ಒಂದು ನೆಪ ಬೇಕಲ್ಲ, ಅದೂ ಇಲ್ಲ. ಕಾನೂನನ್ನು ಮೊದಲೇ ಕೇಳಬೇಕಿತ್ತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ಬಂಡಿಗೆ ಪುಸ್ತಕವಿಲ್ಲದ ಮನೆಯಲ್ಲಿ ಹುಟ್ಟಿದವನಿಗೆ ಅದು ಹೊಳೆದೇ ಇರಲಿಲ್ಲ. ಲಾರಿಯವರು ಹಗ್ಗ ಬಿಗಿದು ಗಾಡಿಯನ್ನು ಎಳೆದು ಮೇಲೇರಿಸಿಕೊಂಡು ಹೋದರು. ಮುಂದಿನ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ನರಸಿಂಹಮ್ಮ ಸೀರೆಯನ್ನು ಮಡಿಚಿ ಮತ್ತೆ ಪೆಟ್ಟಿಗೆಗೆ ಹಾಕಿದಳು.

ಒಂದು ತಿಂಗಳು ಕೀಲು ಜೇಬಿನಲ್ಲೇ ಇತ್ತು. ಕೂತರೆ ತೊಡೆಗೆ ಚುಚ್ಚುತ್ತಿತ್ತು. ಕೊನೆಗೆ ನರಸಿಂಹಮ್ಮನೇ, “ಹೋಗಿ ಹೊಡದು ಬರ್ರಿ. ಬಂಡಿ ಹೆಂಗ ಹೋದ್ರೇನು, ಬಾಗಲಿಗೆ ಮುಟ್ಟೈತಲ್ಲ,” ಎಂದಳು. ಅವನು ಗದ್ವಾಲದ ಬಸ್ಸು ಹತ್ತಿದ. ಅಣೆಕಟ್ಟಿನ ಮೇಲೆ ಹೋಗುವಾಗ ಕಿಟಕಿಯ ಆಚೆ ನೀರನ್ನೂ ನೋಡಲಿಲ್ಲ.

ಊರಾಚೆ ಬಸವಪ್ರಸಾದ ಹೊಸ ಹೋಟೆಲ್ ಕಟ್ಟಿಸಿದ್ದ. ಗೇಟಿನ ಪಕ್ಕದಲ್ಲಿ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಫಾರ್ಗೋ. ತೊಟ್ಟಿಯ ತುಂಬ ಚೆಂಡುಹೂವಿನ ಕುಂಡಗಳು. ಮದುವೆಯಾಗಲಿರುವ ಒಂದು ಜೋಡಿ ಬಾನೆಟ್ಟಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿತ್ತು. ಬೇವಿನ ಗೂಟ ಆಗಲೇ ಮುರಿದಿತ್ತು. ಹಿಂದಿನ ಹಲಗೆ ಬಲಕ್ಕೆ ಜೋತುಬಿದ್ದಿತ್ತು.

“ಬರ್ರಿ ಬರ್ರಿ ಮೇಸ್ತ್ರಿ!” ಬಸವಪ್ರಸಾದ ನಿಜವಾಗಿಯೂ ಹಿಗ್ಗಿ ಬಂದ. “ನೋಡಾಕ ಎಲ್ಲೆಲ್ಲಿಂದ ಮಂದಿ ಬರತಾರ ಅಂತೀರಿ. ನಿಮ್ಮ ಹೆಸರು ಹೇಳತೀನ್ರಿ ಎಲ್ಲಾರಿಗೂ. ಊಟಾ ಮಾಡ್ಕೊಂಡ ಹೋಗಬೇಕು, ಹೋಳಿಗಿ ಐತಿ ಇವತ್ತು. ಅಂದಂಗ ಆ ಹಲಗಿ ಒಂದು ಜೋತು ಬೀಳತೈತಿ, ಏನರ ಹಾಕಿಬಿಡ್ರಿ.”

ಕೀಲು, ಬಾಗಿಲು, ಹೋಳಿಗೆ. ಎಲ್ಲ ತಾವಾಗಿ ಕೂಡಿ ಬಂದಿದ್ದವು. ಮೊಗುಲಪ್ಪ ಜೇಬಿಗೆ ಕೈಹಾಕಿದ.

“ಒಂದ್ಸಲ ಚಾಲೂ ಮಾಡ್ಲೇನ್ರಿ? ಗೇಟಿನ ತನಕ ಹೋಗಿ ಬರತೀನಿ. ಎರಡು ಚೀಲ ಏನರ ಹೇರ್ಕೊಂಡು.”

“ಬ್ಯಾಟರಿ ತಗಸೀನ್ರಿ. ಡೀಸೆಲ್ಲೂ ಖಾಲಿ. ಸಣ್ಣ ಮಕ್ಕಳು ಹತ್ತಿ ಆಡತಾವ, ಏನರ ಆದ್ರ ಯಾರ ತಲಿಗೆ?” ಬಸವಪ್ರಸಾದ ಅವನ ಹೆಗಲು ಮುಟ್ಟಿದ. “ಬ್ಯಾಸರ ಮಾಡ್ಕೋಬ್ಯಾಡ್ರಿ. ಚಂದಾಗಿ ಇಟ್ಟೀನಿ ಅಲ್ರೀ?”

ಚಂದವಾಗಿಯೇ ಇಟ್ಟಿದ್ದ. ತಗಡಿನ ಮೇಲೆ ಒಂದು ಗೀಚೂ ಇರಲಿಲ್ಲ. ಇನ್ನು ಎಂದೂ ಯಾರೂ ಗುದ್ದದ ಗಾಡಿ. ಮೂವತ್ತೆಂಟು ವರ್ಷ ಗುದ್ದಿದ ಗಾಡಿಗಳನ್ನು ಶಪಿಸಿದವನಿಗೆ ಅವತ್ತು ಗುದ್ದಿಸಿಕೊಂಡು ಬರುವ ಆಟೋಗಳ ಮೇಲೆ ಹೊಟ್ಟೆಕಿಚ್ಚಾಯಿತು.

ಅವನು ರಸ್ತೆ ದಾಟಿ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಬೋಲ್ಟು, ನಟ್ಟು ತಂದ. ಬೇವಿನ ಗೂಟದ ಚೂರು ತೆಗೆದು ಬೋಲ್ಟು ತೂರಿಸಿ ಬಿಗಿದ. ಹಲಗೆ ನೆಟ್ಟಗೆ ನಿಂತಿತು. ಹೋಳಿಗೆಗೆ ಕೂಗಿದರು. ಹಸಿವಿಲ್ಲ ಎಂದು ಕೈಮುಗಿದು ಬಸ್ಸಿಗೆ ನಡೆದ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನರಸಿಂಹಮ್ಮ ಅವನ ಮುಖ ನೋಡಿದಳು, ಆಮೇಲೆ ಜೇಬು ನೋಡಿದಳು.

“ಹೊಡೀಲಿಲ್ಲೇನ್ರಿ?”

“ನಿಂತ ಬಂಡಿ ಅದು. ಅದಕ್ಕ ಕೀಲು ಹೊಡದ್ರ, ಇನ್ನ ಅದು ಎಂದೂ ಹೋಗಂಗಿಲ್ಲ ಅಂತ ನಾನೂ ಒಪ್ಪಿದಂಗ ಆಗತೈತಿ. ನನ್ನಿಂದ ಆಗಲಿಲ್ಲ.” ಅವನು ಗೋಡೆಗೆ ಒರಗಿ ಕೂತ. “ದಣಿದೀನಿ ನೋಡು. ಭಾಳ ದಣಿದೀನಿ.”

ಅವಳು ಅವನ ಕೈಯಿಂದ ಕೀಲು ತೆಗೆದುಕೊಂಡು, ಸೆರಗಿನಿಂದ ಎಣ್ಣೆ ಒರೆಸಿ, ಅದೇ ಮೊಳೆಗೆ ತೂಗುಹಾಕಿದಳು.

“ಹಂಗಾರ ಗಾಡಿ ಇನ್ನಾ ನಮ್ಮದ ಐತಿ,” ಎಂದಳು.

“ನಮ್ಮದ. ನಮ್ಮಪ್ಪನ ಬಂಡಿಯರ ನಮ್ಮ ಅಂಗಳದಾಗ ನಿಂತಿತ್ತು.”

ಅವಳು ಒಳಗೆ ಹೋಗಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಪೆಟ್ಟಿಗೆ ತೆರೆದು ಇನ್ನೂ ಮಡಿಕೆ ಮುರಿಯದ ಟವೆಲೊಂದನ್ನು ಹುಡುಕಿ, ಅವನ ಹೆಗಲಿಗೆ ಹಾಕಿ, “ಉಣ್ರಿ,” ಎಂದಳು. ಮೊಗುಲಪ್ಪ ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡು ಊಟಕ್ಕೆ ಕೂತ.