ಅತ್ತೆ ತೂಕಡಿಸಿದ ಕಡೆ ಗೆರೆ

ಲಾಂಡ್ರಿ ಅಂಗಡಿಯ ಕೌಂಟರಿನಲ್ಲಿ ಕೂತು ಬಟ್ಟೆಗಳಿಗೆ ನಂಬರಿನ ಚೀಟಿ ಹೊಲಿಯುವ ಈ ಹೆಂಗಸು ಕತೆಗಾರ್ತಿಯಾದದ್ದು ಹೇಗೆಂದು ಯಾರಾದರೂ ಕೇಳಿದರೆ, "ನಮ್ಮತ್ತೆ ನಿದ್ದೆ ಮಾಡಿದ್ದರಿಂದ" ಎನ್ನುತ್ತಾಳೆ. ಕೇಳಿದವರು ತಮಾಷೆ ಎಂದುಕೊಳ್ಳುತ್ತಾರೆ. ತಮಾಷೆಯಲ್ಲ, ಅಪ್ಪಟ ನಿಜ.

ಅತ್ತೆ ಗಾರ್ಮೆಂಟ್ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹಾಕಿ ಹಾಕಿ ಕಣ್ಣು ಸವೆಸಿಕೊಂಡವರು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಹೊತ್ತು ಹೋಗದೆ, "ಅದೇನೋ ಗೀಚ್ತಾ ಇರ್ತೀಯಲ್ಲ, ಓದು ನೋಡೋಣ" ಎಂದರು. ಸೊಸೆ ಓದಿದಳು, ಅತ್ತೆ ಬಟಾಣಿ ಸುಲಿಯುತ್ತಾ ಕೇಳಿದರು. ಮುಸ್ಸಂಜೆಯ ವರ್ಣನೆ ಬರುವಷ್ಟರಲ್ಲಿ ಅವರ ಗದ್ದ ಎದೆಗೆ ತಾಗಿತ್ತು. ಜಗಳ ಬಂದಾಗ ತಟ್ಟನೆ ಕಣ್ಣು ಬಿಟ್ಟು, "ಆಮೇಲೆ?" ಎಂದರು. ಸೊಸೆಗೆ ಸಿಟ್ಟು ನೆತ್ತಿಗೇರಿತು. ಮರುದಿನ ಅಂಗಡಿಯಲ್ಲಿ ಅದೇ ಹಾಳೆ ತೆಗೆದು ಓದಿದರೆ, ಅತ್ತೆ ತೂಕಡಿಸಿದ ಜಾಗದಲ್ಲಿ ತನಗೂ ಆಕಳಿಕೆ ಬಂತು. ಅಂದಿನಿಂದ ಅತ್ತೆಯ ಕಣ್ಣು ಮುಚ್ಚಿದ ಕಡೆಯೆಲ್ಲ ಗೆರೆ ಎಳೆಯತೊಡಗಿದಳು. ಮುದ್ದು ಮಾಡಿ ಬರೆದ ಸಾಲನ್ನು ಹೊಡೆದುಹಾಕುವಾಗ ಕರುಳು ಚುರುಕ್ಕೆನ್ನುತ್ತಿತ್ತು, ಆದರೂ ಹೊಡೆದುಹಾಕುತ್ತಿದ್ದಳು. ಆ ಗಟ್ಟಿತನಕ್ಕೆ ಯಾರಾದರೂ ಭೇಷ್ ಎನ್ನಲೇಬೇಕು. ಪತ್ರಿಕೆಗಳಲ್ಲಿ ಅವಳ ಕತೆಗಳು ಒಂದೊಂದಾಗಿ ಬರತೊಡಗಿದವು.

ಆಮೇಲೆ ಒಂದು ಕತೆ ಹುಟ್ಟಿತು. ಅದನ್ನು ಮಾತ್ರ ಅತ್ತೆಗೆ ಓದಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಸೊಸೆಯನ್ನು ಮಾತುಮಾತಿಗೂ ಹುರಿದು ಮುಕ್ಕುವ ಒಬ್ಬ ಮುದುಕಿಯ ಕತೆ ಅದು. ಮದುವೆಯಾದ ಹೊಸತರಲ್ಲಿ ತಾನು ಕಂಡ ಅತ್ತೆಯನ್ನೇ ಅವಳು ಬರೆದಿದ್ದಳು.

ಬಸ್ ಡ್ರೈವರ್ ಆಗಿದ್ದ ಗಂಡ ಓದಿ ತಲೆ ಕೆರೆದುಕೊಂಡ. "ಇದು ಅಮ್ಮ ಅಂತ ಯಾರಿಗಾದ್ರೂ ಗೊತ್ತಾಗತ್ತೆ ಕಣೇ. ಅವಳಿಗೆ ಓದ್ಬೇಡ, ಸುಮ್ನೆ ಕಳಿಸ್ಬಿಡು. ಅಮ್ಮ ಏನು ಪತ್ರಿಕೆ ಓದ್ತಾಳಾ?"

ಕಳಿಸಬಹುದಿತ್ತು. ಆದರೆ ಅತ್ತೆಯ ಕಿವಿಗೆ ಬೀಳದ ಕತೆ ಬೆಂದಿದೆಯೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ. ಓದಿದರೆ, ಎಷ್ಟೋ ವರ್ಷಕ್ಕೆ ಕೂಡಿಬಂದ ಪ್ರೀತಿ ಕೈತಪ್ಪಿ ಹೋಗಬಹುದು. ನಾಲ್ಕು ದಿನ ಊಟ ರುಚಿಸಲಿಲ್ಲ. ಕೊನೆಗೆ ಭಾನುವಾರ ಮಧ್ಯಾಹ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು ಓದಿಯೇಬಿಟ್ಟಳು.

ಅತ್ತೆ ರೆಪ್ಪೆ ಮುಚ್ಚಲಿಲ್ಲ. ಕತೆ ಮುಗಿದ ಮೇಲೆ ಸೊಸೆಯ ಕಡೆ ತಿರುಗಿದರು.

"ಆ ಮುದುಕಿ ನಾನೇ ತಾನೆ?"

"ಹೂಂ, ಅತ್ತೆ."

"ಮತ್ಯಾಕೆ ಅವಳನ್ನ ಅಷ್ಟು ಒಳ್ಳೆಯೋಳು ಮಾಡಿದೀಯ? ನೀನು ಮದುವೆಯಾಗಿ ಬಂದ ಹೊಸತರಲ್ಲಿ, ನಿನ್ನ ಮೊದಲನೇ ಕತೆ ಹಾಳೆಗಳನ್ನ ನಾನು ಈ ಶೆಲ್ಫಿಗೆ ಹಾಸಿ, ಮೇಲೆ ಡಬ್ಬಿ ಇಟ್ಟೆ. ಬೇಕಂತಲೇ ಇಟ್ಟೆ. ನೀನು ಡಬ್ಬಿ ಎತ್ತಿ ಎತ್ತಿ ಅದನ್ನ ಓದ್ಕೊಳ್ತಿದ್ದೆ. ನಾನು ನೋಡ್ತಾ ನಿಂತಿದ್ದೆ. ಅದನ್ಯಾಕೆ ಬಿಟ್ಟೆ?"

"ನಿಮಗೆ ನೋವಾಗತ್ತೆ ಅಂತ..."

"ಆಗ್ಲಿ ಬಿಡು. ಅದಿಲ್ದೆ ಕತೆ ನಿಲ್ಲಲ್ಲ. ಬರಿ."

ಸೊಸೆ ಬರೆದಳು. ಕತೆ ಅಚ್ಚಾದ ಮೇಲೆ ಓದುಗರು ಆ ಮುದುಕಿಯನ್ನು ಬಾಯಿಗೆ ಬಂದಂತೆ ಬೈದು ಪತ್ರಿಕೆಗೆ ಬರೆದರು. ಅತ್ತೆ ಆ ಬೈಗುಳಗಳನ್ನು ಒಂದೂ ಬಿಡದೆ ಓದಿಸಿಕೊಂಡರು. ಸೊಸೆಯ ಮುಖ ನೋಡದೆ, "ಸರಿಯಾಗೇ ಬೈದಿದಾರೆ. ಚೆನ್ನಾಗಿ ಬರ್ದಿದೀಯ ಮಗಳೇ" ಎಂದರು.